ಆ ಹೆಸರು ಪಾದದ್ದು, ಚೀಲದ್ದಲ್ಲ

ಬ್ರಿಸ್ಬೇನ್ ಸುತ್ತಮುತ್ತ ವನ್ಯಜೀವಿಗಳ ಪಶುವೈದ್ಯನಾಗಿರುವ ನನ್ನ ಬಳಿಗೆ ರಸ್ತೆಬದಿಯಲ್ಲಿ ತಾಯಿ ಸತ್ತ ಮರಿಗಳನ್ನು ಎತ್ತಿಕೊಂಡು ಬರುವವರೆಲ್ಲ ಕರುಣೆಯುಳ್ಳವರೇ. ಆದರೆ ಅವರಲ್ಲಿ ಅನೇಕರು ಕಾಂಗರೂ, ವಾಲಬಿಗಳ ಕುಟುಂಬಕ್ಕಿರುವ ‘ಮ್ಯಾಕ್ರೋಪಾಡ್’ ಎಂಬ ಹೆಸರಿಗೆ ಹೊಟ್ಟೆಚೀಲದ ಪ್ರಾಣಿ ಎಂದರ್ಥ, ‘ವಾಲಬಿ’ ಎಂದರೆ ಕಾಂಗರೂವಿನ ಮರಿ ಎಂದು ದೃಢವಾಗಿ ನಂಬಿರುತ್ತಾರೆ. ಎಷ್ಟು ಸಲ ತಿದ್ದಿದರೂ ಮುಂದಿನ ವಾರ ಬರುವವರು ಅದನ್ನೇ ಹೇಳುತ್ತಾರೆ.

ಮ್ಯಾಕ್ರೋಪಾಡ್ ಎಂಬುದರ ಮೂಲ ಗ್ರೀಕ್ ಭಾಷೆಯಲ್ಲಿದೆ. ‘ಮ್ಯಾಕ್ರೋಸ್’ ಎಂದರೆ ಉದ್ದ, ‘ಪೌಸ್’ ಎಂದರೆ ಪಾದ. ಅಂದರೆ ಉದ್ದಪಾದದ ಪ್ರಾಣಿ, ಅಷ್ಟೇ. ಹಿಂಗಾಲಿನ ಪಾದವನ್ನು ಒಮ್ಮೆ ಹತ್ತಿರದಿಂದ ನೋಡಿ. ಹೆಬ್ಬೆರಳಿನ ಸುಳಿವೇ ಇಲ್ಲ, ಎರಡನೆಯ ಮತ್ತು ಮೂರನೆಯ ಬೆರಳುಗಳು ಒಂದೇ ಚರ್ಮದೊಳಗೆ ಕೂಡಿಕೊಂಡು ತುದಿಯಲ್ಲಿ ಎರಡು ಸಣ್ಣ ಉಗುರುಗಳನ್ನಷ್ಟೇ ತೋರಿಸುತ್ತವೆ, ನಾಲ್ಕನೆಯದು ಮಾತ್ರ ದಪ್ಪವಾಗಿ ಚಾಚಿಕೊಂಡು ಜಿಗಿತದ ಭಾರವನ್ನೆಲ್ಲ ಹೊರುತ್ತದೆ. ಚೀಲದಿಂದ ಬಂದ ಹೆಸರು ಬೇರೆಯೇ ಇದೆ. ಅದು ‘ಮಾರ್ಸೂಪಿಯಲ್’, ಲ್ಯಾಟಿನ್ನಿನಲ್ಲಿ ‘ಮಾರ್ಸೂಪಿಯಂ’ ಎಂದರೆ ಚೀಲ. ಕೋಆಲಾ, ವೊಂಬ್ಯಾಟ್‌ಗಳಿಗೂ ಚೀಲವುಂಟು, ಆದರೆ ಅವು ಮ್ಯಾಕ್ರೋಪಾಡ್‌ಗಳಲ್ಲ. ಮಾರ್ಸೂಪಿಯಲ್ ಎಂಬುದು ಊರು, ಮ್ಯಾಕ್ರೋಪಾಡ್ ಅದರೊಳಗಿನ ಒಂದು ಕೇರಿ. ಹಾಗೆಂದು ಹೆಸರನ್ನೇ ಲಕ್ಷಣವೆಂದು ಹಿಡಿದು ಕೂರುವುದೂ ತರವಲ್ಲ, ಏಕೆಂದರೆ ಇದೇ ಕುಟುಂಬದ ಮರಗಾಂಗರೂಗಳ ಪಾದ ಗಿಡ್ಡವೂ ಅಗಲವೂ ಆಗಿದೆ.

ಕಾಂಗರೂ ಮತ್ತು ವಾಲಬಿಗಳ ನಡುವಿನ ಗೆರೆ ಪ್ರಾಣಿಶಾಸ್ತ್ರ ಎಳೆದದ್ದಲ್ಲ. ಮೊದಲ ಪದವು 1770ರಲ್ಲಿ ಬ್ರಿಟಿಷ್ ನಾವಿಕ ಜೇಮ್ಸ್ ಕುಕ್ ಅವರ ಹಡಗು ಈಶಾನ್ಯ ಆಸ್ಟ್ರೇಲಿಯಾದ ಎಂಡೆವರ್ ನದಿಯ ಬಳಿ ತಂಗಿದ್ದಾಗ ಅಲ್ಲಿನ ಗೂಗು ಯಿಮಿಥಿರ್ ಜನರ ‘ಗಂಗುರು’ವಿನಿಂದ ಬಂದಿತು, ಎರಡನೆಯದು ಸಿಡ್ನಿ ಪ್ರದೇಶದ ಧಾರುಗ್ ಭಾಷೆಯದು. ವಸಾಹತುಗಾರರು ದೊಡ್ಡದಕ್ಕೆ ಒಂದು, ಚಿಕ್ಕದಕ್ಕೆ ಇನ್ನೊಂದು ಎಂದು ಬಳಸುತ್ತ ಹೋದರು. ಹೀಗಾಗಿ ವಾಲಬಿ ಎಷ್ಟು ಬೆಳೆದರೂ ವಾಲಬಿಯೇ.

ಇದು ಬರೀ ಪದಗಳ ಜಗಳವಲ್ಲ. ಮರಿಯ ವಯಸ್ಸನ್ನು ಅಂದಾಜು ಮಾಡಲು ನಾವು ಅಳೆಯುವುದು ಹಿಮ್ಮಡಿಯಿಂದ ನಾಲ್ಕನೆಯ ಬೆರಳಿನವರೆಗಿನ ಈ ಪಾದವನ್ನೇ, ಮತ್ತು ಪ್ರತಿ ಜಾತಿಗೂ ಬೆಳವಣಿಗೆಯ ಪಟ್ಟಿ ಬೇರೆ. ಜಾತಿ ತಪ್ಪಿದರೆ ವಯಸ್ಸು ತಪ್ಪುತ್ತದೆ, ವಯಸ್ಸು ತಪ್ಪಿದರೆ ಹಾಲೂ ತಪ್ಪುತ್ತದೆ, ಏಕೆಂದರೆ ತಾಯಿಯ ಹಾಲಿನ ಗುಣ ಮರಿ ಬೆಳೆದಂತೆಲ್ಲ ಬದಲಾಗುತ್ತದೆ. ಪಾದದ ಅಳತೆಯೂ ಅಂದಾಜೇ ಆದ್ದರಿಂದ ನಾನು ತೂಕ, ರೋಮ, ಕಣ್ಣು ತೆರೆದಿದೆಯೇ ಎಂಬುದನ್ನೂ ನೋಡಿಯೇ ನಿರ್ಧರಿಸುತ್ತೇನೆ. ಹಸುವಿನ ಹಾಲನ್ನಂತೂ ದಯವಿಟ್ಟು ಕುಡಿಸಬೇಡಿ.

ಒಮ್ಮೆ ಮಗನ ಮನೆಗೆ ಮೈಸೂರಿನಿಂದ ಬಂದಿದ್ದ ಹಿರಿಯರೊಬ್ಬರು ಟವೆಲಿನಲ್ಲಿ ಸುತ್ತಿದ ಮರಿಯೊಂದನ್ನು ಎದೆಗವಚಿಕೊಂಡು ಬಂದರು. ಮೇಜಿನ ಮೇಲೆ ಬಿಡಿಸಿ ಮಲಗಿಸಿದಾಗ ಅದರ ಹೊಟ್ಟೆಯನ್ನು ತಿರುತಿರುಗಿಸಿ ನೋಡಿ, “ಡಾಕ್ಟ್ರೇ, ಪಾಪ, ಇದಕ್ಕೆ ಚೀಲವೇ ಬಂದಿಲ್ಲವಲ್ಲ, ಇನ್ನೂ ಬೆಳೆಯಬೇಕೇನೋ?” ಎಂದರು. ಚೀಲವಿರುವುದು ಹೆಣ್ಣಿಗೆ ಮಾತ್ರ, ಇದು ಗಂಡು ಎಂದೆ. “ಹಾಗಾದರೆ ಇದು ಆ ಗುಂಪಿಗೆ ಸೇರಿದ್ದು ಹೇಗೆ?” ಎಂದು ಅವರು ಬಿಡದೆ ಕೇಳಿದರು. ನಾನು ಅಳತೆಪಟ್ಟಿಯನ್ನು ಅವರ ಕೈಗಿತ್ತು ಮರಿಯ ಹಿಂಗಾಲನ್ನು ಮೆಲ್ಲಗೆ ನೀಡಿ ಹಿಡಿದೆ. ಅವರು ಕನ್ನಡಕ ಸರಿಪಡಿಸಿಕೊಂಡು ಬಾಗಿದರು, ಸೆಂಟಿಮೀಟರುಗಳನ್ನು ಗಟ್ಟಿಯಾಗಿ ಓದಿದರು. ನಾನು ಕೆಂಪುಕತ್ತಿನ ವಾಲಬಿಯ ಪಟ್ಟಿಯಲ್ಲಿ ಬರೆದುಕೊಂಡೆ.