ಮೊದಲ ಸಾಲು ಖಾಲಿ ಇದೆ, ಬುಕ್ ಮಾಡಿಬಿಡಲೇ?

ಪ್ರಶ್ನೆ: ಮೊದಲ ಸಲ ದೊಡ್ಡ ಮ್ಯೂಸಿಕಲ್ (ಹಾಡು, ಕುಣಿತದ ನಾಟಕ) ಒಂದನ್ನು ನೋಡಲು ಹೋಗುತ್ತಿದ್ದೇವೆ. ಮೊದಲ ಸಾಲಿನ ನಟ್ಟನಡುವೆ ಎರಡು ಸೀಟು ಇನ್ನೂ ಖಾಲಿ ತೋರಿಸುತ್ತಿದೆ. ಬೇರೆಯವರ ಪಾಲಾಗುವ ಮೊದಲು ತೆಗೆದುಕೊಳ್ಳಲೇ? ಅದು ಬೇಡವಾದರೆ ಯಾವ ಸೀಟು ಒಳ್ಳೆಯದು?

ಉತ್ತರ: ಬೇಡ. ನೆಲದ ಅಂತಸ್ತಿನಲ್ಲಿ 7ರಿಂದ 14ನೆಯ ಸಾಲಿನೊಳಗೆ, ನಡುಭಾಗದಲ್ಲಿ ಹುಡುಕಿ. ಅಲ್ಲಿ ಸಿಗದಿದ್ದರೆ ಮೊದಲ ಬಾಲ್ಕನಿಯ 2 ಅಥವಾ 3ನೆಯ ಸಾಲಿನ ನಡುವೆ.

ಉತ್ತರ ಇಷ್ಟೇ. ಆದರೆ ಇಷ್ಟಕ್ಕೆ ನಿಲ್ಲಿಸಿದಾಗಲೆಲ್ಲ “ಆದರೂ ಮುಂದೆ ಕೂತರೆ ಚೆನ್ನಾಗಿ ಕಾಣುತ್ತೆ ಅಲ್ವಾ?” ಎಂಬ ಮರುಪ್ರಶ್ನೆ ಬಂದೇ ಬರುತ್ತದೆ. ಎಷ್ಟು ಸಲ ಹೇಳಿದರೂ ಈ ನಂಬಿಕೆ ಅಲುಗುವುದಿಲ್ಲ. ಆದ್ದರಿಂದ ಈ ಸಲ ಲೆಕ್ಕ ಹಾಕಿಯೇ ತೋರಿಸುತ್ತೇನೆ.

ವೇದಿಕೆಯ ಎತ್ತರ ಸಾಮಾನ್ಯವಾಗಿ 1 ಮೀಟರ್ ಆಸುಪಾಸು. ಕುರ್ಚಿಯಲ್ಲಿ ಕೂತ ವಯಸ್ಕರ ಕಣ್ಣು ನೆಲದಿಂದ ಸುಮಾರು 1.15 ಮೀಟರ್ ಮೇಲಿರುತ್ತದೆ. ಅಂದರೆ ಮೊದಲ ಸಾಲಿನಲ್ಲಿ ನಿಮ್ಮ ಕಣ್ಣು ವೇದಿಕೆಯ ನೆಲಕ್ಕಿಂತ ಒಂದು ಗೇಣಿನಷ್ಟೂ ಮೇಲಿಲ್ಲ. ಬರೀ 15 ಸೆಂಟಿಮೀಟರ್. ವಾದ್ಯವೃಂದ ಕೂರುವ ತಗ್ಗು, ಅಂದರೆ ಪಿಟ್, ಅಡ್ಡ ಇರುವುದರಿಂದ ಮೊದಲ ಸಾಲಿಗೂ ವೇದಿಕೆಯ ಅಂಚಿಗೂ 3 ಮೀಟರ್ ಅಂತರ ಎಂದಿಟ್ಟುಕೊಳ್ಳಿ. ಅಂಚಿನಿಂದ 1 ಮೀಟರ್ ಒಳಗೆ ಒಬ್ಬ ನರ್ತಕಿ ನಿಂತಿದ್ದಾಳೆ, 7 ಮೀಟರ್ ಒಳಗೆ ಇನ್ನೊಬ್ಬಳು. ಇಬ್ಬರ ನಡುವೆ ಇರುವ 6 ಮೀಟರ್ ನೆಲ ನಿಮ್ಮ ಕಣ್ಣಿಗೆ ಎಷ್ಟು ಅಗಲ ಕಾಣುತ್ತದೆ ಗೊತ್ತೇ? 1.3 ಡಿಗ್ರಿ. ಕೈ ಪೂರ್ತಿ ಚಾಚಿ ಕಿರುಬೆರಳು ಅಡ್ಡಲಾಗಿ ಹಿಡಿದರೆ ಅದರ ದಪ್ಪ ಸುಮಾರು 1 ಡಿಗ್ರಿ. ರಂಗದ ಆಳದ ಬಹುಪಾಲು ಆ ಬೆರಳಿನ ಮರೆಗೆ ಹೋಗುತ್ತದೆ.

ಇನ್ನು ಮುಂದಿನವಳ ನೇರ ಹಿಂದೆ ನಿಂತವಳು ಕಾಣುವುದೇ ಇಲ್ಲ. ಮುಂದಿನವಳ ಎತ್ತರ 1.7 ಮೀಟರ್ ಇದ್ದರೆ, ನಿಮ್ಮ ಕಣ್ಣಿನಿಂದ ಅವಳ ನೆತ್ತಿಗೆ ಎಳೆದ ಗೆರೆ ಹಿಂದಿನವಳಿರುವಲ್ಲಿಗೆ ತಲುಪುವಷ್ಟರಲ್ಲಿ 4 ಮೀಟರ್ ಮೇಲೇರಿರುತ್ತದೆ. ಹಿಂದೆ ಅಟ್ಟದ ಮೇಲೆ ನಡೆಯುವ ದೃಶ್ಯವೂ ಅಷ್ಟರಮಟ್ಟಿಗೆ ಮರೆಯಾಯಿತು.

ಅದೇ ಲೆಕ್ಕವನ್ನು ಮೊದಲ ಬಾಲ್ಕನಿಯಿಂದ ಹಾಕಿ. ಕಣ್ಣು ವೇದಿಕೆಯ ನೆಲಕ್ಕಿಂತ 5 ಮೀಟರ್ ಮೇಲೆ, ಅಂಚಿನಿಂದ 15 ಮೀಟರ್ ದೂರ. ಅದೇ 6 ಮೀಟರ್ ನೆಲ ಈಗ 4.5 ಡಿಗ್ರಿ, ಅಂದರೆ ಚಾಚಿದ ಕೈಯ ಮೂರು ಬೆರಳಿನಗಲ. ಹಿಂದಿನ ನರ್ತಕಿ ಮೊಣಕಾಲಿನಿಂದ ಮೇಲಕ್ಕೆ ಪೂರ್ತಿ ಕಾಣುತ್ತಾಳೆ. ಹಿಂದಕ್ಕೆ, ಮೇಲಕ್ಕೆ ಹೋದರೆ ಹೆಚ್ಚು ಕಾಣುತ್ತದೆ ಎಂದರೆ ನಂಬುವುದು ಕಷ್ಟ, ಆದರೆ ಮ್ಯೂಸಿಕಲ್ಲಿನ ಮಟ್ಟಿಗೆ ಅದೇ ನಿಜ. ಇಪ್ಪತ್ತು ಮೂವತ್ತು ಜನರ ಗುಂಪು ನೃತ್ಯವನ್ನು ಸಂಯೋಜಿಸುವವರು ನೆಲದ ಮೇಲೆ ರಂಗೋಲಿ ಹಾಕಿದ ಹಾಗೆ ಹಾಕುತ್ತಾರೆ: ವೃತ್ತ ಒಡೆದು ಎರಡು ಸಾಲಾಗುತ್ತದೆ, ಸಾಲು ತಿರುಗಿ ಕರ್ಣವಾಗುತ್ತದೆ. ನೆಲದ ಮೇಲೆ ಬೀಳುವ ಬೆಳಕಿನ ಚಿತ್ತಾರವೂ ಅದರದೇ ಭಾಗ. ರಂಗೋಲಿಯನ್ನು ಯಾರೂ ನೆಲಕ್ಕೆ ಕೆನ್ನೆ ಇಟ್ಟು ನೋಡುವುದಿಲ್ಲ.

ಅಗಲದ ಕಥೆಯೂ ಇದೇ. ವೇದಿಕೆಯ ಮುಂಬದಿಯ ಪ್ರೊಸೀನಿಯಂ ಚೌಕಟ್ಟಿನ ಅಗಲ 12 ಮೀಟರ್ ಎಂದುಕೊಂಡರೆ, 3 ಮೀಟರ್ ದೂರದಿಂದ ಅದು ಸುಮಾರು 127 ಡಿಗ್ರಿ ಹರಡಿಕೊಳ್ಳುತ್ತದೆ. ಎಡತುದಿಯಲ್ಲಿ ನಾಯಕ, ಬಲತುದಿಯಲ್ಲಿ ನಾಯಕಿ ಹಾಡಿನ ಒಂದೊಂದು ಸಾಲನ್ನು ಸರದಿಯಲ್ಲಿ ಹಾಡುವಾಗ ನೀವು ಕತ್ತು ಹೊರಳಿಸುತ್ತಲೇ ಇರಬೇಕು. ಒಬ್ಬರ ಹಾಡಿಗೆ ಇನ್ನೊಬ್ಬರ ಮುಖ ಹೇಗೆ ಬದಲಾಯಿತು ಎಂಬುದು ತಪ್ಪಿಹೋಗುತ್ತದೆ. 12 ಮೀಟರ್ ದೂರದಿಂದ ಅದೇ ಚೌಕಟ್ಟು 53 ಡಿಗ್ರಿ. ತಲೆ ತಿರುಗಿಸದೆ ಇಬ್ಬರನ್ನೂ ಒಟ್ಟಿಗೆ ಹಿಡಿಯಬಹುದು. ಸಾಲುಗಳ ನಡುವೆ 90 ಸೆಂಟಿಮೀಟರ್ ಇಟ್ಟರೆ ಈ 12 ಮೀಟರ್ ಬರುವುದು 11ನೆಯ ಸಾಲಿನಲ್ಲಿ. ನಾನು ಹೇಳುವ 7ರಿಂದ 14 ಎಂಬುದು ಬಾಯಿಗೆ ಬಂದ ಸಂಖ್ಯೆಯಲ್ಲ.

“ಮುಖಭಾವ ಹತ್ತಿರದಿಂದ ಕಾಣಬೇಡವೇ?” ಇದು ಮುಂದಿನ ಸಾಲಿನ ಪಕ್ಷದವರ ಕೊನೆಯ ಅಸ್ತ್ರ. ಮುಖದ ಸೂಕ್ಷ್ಮಗಳು ಸುಮಾರು 20 ಮೀಟರ್‌ವರೆಗೆ ಓದಲು ಸಿಗುತ್ತವೆ ಎಂಬುದು ರಂಗಮಂದಿರ ಕಟ್ಟುವವರು ಬಹುಕಾಲದಿಂದ ಪಾಲಿಸುತ್ತಿರುವ ಅಳತೆ. 11ನೆಯ ಸಾಲು ಅದರೊಳಗೆ ಆರಾಮವಾಗಿ ಕೂರುತ್ತದೆ. ಮೂರು ಮೀಟರ್‌ನಿಂದ ಕಾಣುವುದು ಹಣೆಯ ಮೇಲೆ ಕೂದಲಂಚಿಗೆ ಅಂಟಿಸಿದ ಪುಟ್ಟ ಮೈಕು, ವಿಗ್ಗಿನ ಅಂಚಿನ ಬಲೆ, ದಟ್ಟವಾಗಿ ತೀಡಿದ ಹುಬ್ಬು. ದೂರದ ಬೆಟ್ಟ ನುಣ್ಣಗೆ ಎಂದು ಎಚ್ಚರಿಕೆಯ ಮಾತಾಗಿ ಹೇಳುತ್ತೇವಲ್ಲ, ಪ್ರಸಾಧನ ಮತ್ತು ರಂಗಸಜ್ಜಿಕೆಯವರಿಗೆ ಅದೇ ಕಸುಬು. ಅವರು ದೂರದ ಕಣ್ಣಿಗಾಗಿ ಬಣ್ಣ ಹಚ್ಚಿದ್ದಾರೆ.

ಈಗ ಕಿವಿಯ ವಿಷಯ, ಇದನ್ನು ಯಾರೂ ಕೇಳುವುದಿಲ್ಲ. ಮುಖ್ಯ ಸ್ಪೀಕರುಗಳು ಚೌಕಟ್ಟಿನ ಎರಡೂ ಪಕ್ಕ ಮತ್ತು ನೆತ್ತಿಯ ಮೇಲೆ ಇರುತ್ತವೆ. ಅವುಗಳ ದನಿ ಮೊದಲ ಸಾಲುಗಳ ತಲೆಯ ಮೇಲೆ ಹಾದುಹೋಗುತ್ತದೆ. ಆ ಕೊರತೆ ತುಂಬಲು ವೇದಿಕೆಯ ಅಂಚಿನಲ್ಲಿ ಸಣ್ಣ ಸ್ಪೀಕರುಗಳನ್ನು ಸಾಲಾಗಿ ಇಟ್ಟಿರುತ್ತಾರೆ. ಇತ್ತ ಪಿಟ್‌ನಿಂದ ತುತ್ತೂರಿ, ಡ್ರಮ್ಸ್ ಯಾವ ಹತೋಟಿಯೂ ಇಲ್ಲದೆ ನೇರ ನಿಮ್ಮ ಕಿವಿಗೇ ಬರುತ್ತವೆ. ಹಾಡಿನ ಮಾತು ಮುಳುಗುತ್ತದೆ. ಧ್ವನಿ ನಿಯಂತ್ರಿಸುವವರು ಕೂರುವುದು ನೆಲದ ಅಂತಸ್ತಿನ ಹಿಂಭಾಗದಲ್ಲಿ, ತೆರೆದ ಮೇಜಿನ ಮುಂದೆ. ಅವರ ಕಿವಿಗೆ ಹಿತವಾದ ಹದವೇ ಆ ರಾತ್ರಿಯ ಹದ. ಆ ಮೇಜಿನಿಂದ ಐದಾರು ಸಾಲು ಮುಂದೆ ಕೂತವರಿಗೆ ಕೇಳುವುದು ಹೆಚ್ಚುಕಮ್ಮಿ ಅದೇ.

ತಾಲೀಮಿನ ಕೊನೆಯ ದಿನಗಳಲ್ಲಿ ನಿರ್ದೇಶಕರು, ಬೆಳಕಿನ ವಿನ್ಯಾಸಕರು ನೆಲದ ಅಂತಸ್ತಿನ ನಡುಸಾಲುಗಳ ಮೇಲೆ ಹಲಗೆ ಹಾಸಿ ಮೇಜು ಮಾಡಿಕೊಂಡು ಕೂರುತ್ತಾರೆ. ಪ್ರತಿ ದೀಪ, ಪ್ರತಿ ಹೆಜ್ಜೆ ಅಲ್ಲಿಂದ ನೋಡಿ ತಿದ್ದಿದ್ದು. ಆಟ ಕಟ್ಟಿದ ಜಾಗದಲ್ಲೇ ಕೂತು ನೋಡಿ ಎಂದಷ್ಟೇ ನನ್ನ ಒತ್ತಾಯ. ಅದೇ ಆಟವನ್ನು ಎರಡನೆಯ ಸಲ ನೋಡುವವರು, ಒಬ್ಬ ನಟಿಯ ಉಸಿರಾಟವನ್ನೇ ಗಮನಿಸಬೇಕೆನ್ನುವವರು ಮೊದಲ ಸಾಲಿಗೆ ಖಂಡಿತ ಹೋಗಲಿ. ಡ್ರೈ ಐಸ್ ಹೊಗೆ ಗಾಳಿಗಿಂತ ಭಾರ, ವೇದಿಕೆಯಿಂದ ಇಳಿದು ಮುಂದಿನವರ ಮೇಲೇ ಬರುತ್ತದೆ ಎಂಬುದು ನೆನಪಿರಲಿ.

ನೆಲದ ಅಂತಸ್ತಿನ ಹಿಂದಿನ ಸಾಲುಗಳಲ್ಲಿ ಬೇರೆಯದೇ ತೊಂದರೆ: ನೆತ್ತಿಯ ಮೇಲೆ ಬಾಲ್ಕನಿಯ ಚಾವಣಿ. ರಂಗಸಜ್ಜಿಕೆಯ ಮೇಲ್ಭಾಗ ಕತ್ತರಿಸಿಹೋಗುತ್ತದೆ, ಮೇಲಿನ ಸ್ಪೀಕರಿನ ದನಿಗೆ ಅಡ್ಡ ಬೀಳುತ್ತದೆ. 1986ರಲ್ಲಿ ಲಂಡನ್ನಿನಲ್ಲಿ ಶುರುವಾದ ‘ದಿ ಫ್ಯಾಂಟಮ್ ಆಫ್ ದಿ ಒಪೆರಾ’ದಲ್ಲಿ ಆರಂಭದ ಸಂಗೀತಕ್ಕೆ ದೊಡ್ಡ ತೂಗುದೀಪ ಪ್ರೇಕ್ಷಕರ ತಲೆಯ ಮೇಲಕ್ಕೆ ಏರುತ್ತದೆ, ಚಾವಣಿಯ ಕೆಳಗಿನವರಿಗೆ ಅದು ಮೇಲೇರಿ ಮಾಯವಾಗುತ್ತದೆ. ಇದಕ್ಕೆ ತಿರುಗುಮುರುಗು ‘ದಿ ಲಯನ್ ಕಿಂಗ್’: ಮೊದಲ ಹಾಡಿನಲ್ಲಿ ಪ್ರಾಣಿಗಳ ಮೆರವಣಿಗೆ ನೆಲದ ಅಂತಸ್ತಿನ ಓಣಿಗಳಲ್ಲೇ ಸಾಗಿಬರುತ್ತದೆ, ಬಾಲ್ಕನಿಯ ಹಿಂದಿನವರಿಗೆ ಆ ಓಣಿಗಳು ಕಾಣುವುದಿಲ್ಲ. ಅಂಥ ಆಟಕ್ಕೆ ಕೆಳಗೆ, ಓಣಿ ಪಕ್ಕದ ಸೀಟೇ ಸರಿ. ಸೀಟು ನಕ್ಷೆಯಲ್ಲಿ ಚಾವಣಿ ಸಾಮಾನ್ಯವಾಗಿ ತೋರಿಸಿರುವುದಿಲ್ಲ. “ಬಾಲ್ಕನಿ ಯಾವ ಸಾಲಿನ ಮೇಲೆ ಶುರುವಾಗುತ್ತದೆ?” ಎಂದು ಟಿಕೆಟ್ ಕೌಂಟರಿನಲ್ಲಿ ಕೇಳಿ, ಅಲ್ಲಿಂದ ಎರಡು ಮೂರು ಸಾಲಿನೊಳಗಿದ್ದರೆ ಪರವಾಗಿಲ್ಲ.

ಪಕ್ಕದ ಸೀಟುಗಳ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆ ಇದೆ. ಎಡಪಕ್ಕ ಕೂತರೆ ಬಲತುದಿ ಕಾಣುವುದಿಲ್ಲ ಎಂದುಕೊಳ್ಳುತ್ತಾರೆ. ಮರೆಯಾಗುವುದು ನೀವು ಕೂತ ಬದಿಯೇ. ಚೌಕಟ್ಟಿನ ಅಂಚಿಗಿಂತ 3 ಮೀಟರ್ ಆಚೆ, 9 ಮೀಟರ್ ಹಿಂದೆ ಕೂತರೆ, ರಂಗದ 6 ಮೀಟರ್ ಆಳದಲ್ಲಿ ನಿಮ್ಮ ಬದಿಯ 2 ಮೀಟರ್ ಅಗಲ ಹೋಯಿತು. ಚೌಕಟ್ಟಿನ ಅಗಲದೊಳಗೇ ಸೀಟು ಇರುವಂತೆ ನೋಡಿಕೊಳ್ಳಿ. ಕೈಯಲ್ಲಿ ಹಣ ಕಡಿಮೆ ಇದ್ದರೆ ಕೆಳಗಿನ ಮೂಲೆಗಿಂತ ಮೇಲಿನ ಬಾಲ್ಕನಿಯ ನಡುವೆ ಆರಿಸಿ.

ಟಿಕೆಟ್ ಓದುವಾಗ ಎಡವುವವರೂ ಬಹಳ. ನ್ಯೂಯಾರ್ಕಿನ ಬ್ರಾಡ್‌ವೇ ರಂಗಮಂದಿರಗಳಲ್ಲಿ ನೆಲದ ಅಂತಸ್ತಿಗೆ ‘ಆರ್ಕೆಸ್ಟ್ರಾ’ ಎನ್ನುತ್ತಾರೆ, ಲಂಡನ್ನಿನಲ್ಲಿ ‘ಸ್ಟಾಲ್ಸ್’. ಅದರ ಮೇಲಿನದು ನ್ಯೂಯಾರ್ಕಿನಲ್ಲಿ ‘ಮೆಜನೀನ್’, ಲಂಡನ್ನಿನಲ್ಲಿ ‘ಡ್ರೆಸ್ ಸರ್ಕಲ್’. ಬ್ರಾಡ್‌ವೇಯಲ್ಲಿ ಸಾಮಾನ್ಯವಾಗಿ ಬೆಸ ಸಂಖ್ಯೆಗಳು ಒಂದು ಬದಿಗೆ, ಸಮ ಸಂಖ್ಯೆಗಳು ಇನ್ನೊಂದು ಬದಿಗೆ, ನಡುಭಾಗ 101ರಿಂದ ಶುರು. 5 ಮತ್ತು 6 ಎಂದು ಕಂಡು ಅಕ್ಕಪಕ್ಕ ಎಂದುಕೊಂಡರೆ ಸಭಾಂಗಣದ ಎರಡು ದಿಕ್ಕಿನಲ್ಲಿ ಕೂರಬೇಕಾದೀತು. ‘ಎ’ ಸಾಲು ಮೊದಲನೆಯದೇ ಎಂಬ ಖಾತರಿಯೂ ಇಲ್ಲ, ಅದರ ಮುಂದೆ ‘ಎಎ’, ‘ಬಿಬಿ’ ಇರಬಹುದು.

ಬಾಲ್ಕನಿಯ ಮೊದಲ ಸಾಲು ಬಿಟ್ಟು 2, 3 ಎಂದು ಏಕೆ ಹೇಳಿದೆ ಎಂದರೆ, ಮೊದಲ ಸಾಲಿನ ಮುಂದೆ ಸುರಕ್ಷತೆಯ ಕಂಬಿ ಇರುತ್ತದೆ. ಕುಳ್ಳಗಿರುವವರಿಗೆ, ಮಕ್ಕಳಿಗೆ ಅದು ಕಣ್ಣಿನ ಮಟ್ಟಕ್ಕೇ ಬರುತ್ತದೆ. ಆಗ ಎಲ್ಲರೂ ಮಾಡುವುದು ಒಂದೇ: ಮುಂದಕ್ಕೆ ಬಾಗಿ ಕಂಬಿಯ ಮೇಲೆ ಮೊಣಕೈ ಊರುವುದು.

ನೀವು ಕೇಳದಿದ್ದರೂ ಇದನ್ನು ಹೇಳಿಯೇ ತೀರಬೇಕು. ಹಿಂದಿನ ಸಾಲಿನ ಕಣ್ಣಿನ ಗೆರೆ ಮುಂದಿನವರ ನೆತ್ತಿಯ ಮೇಲೆ ಹಾದುಹೋಗಲು ರಂಗಮಂದಿರ ಕಟ್ಟುವವರು ಬಿಡುವ ಅಂತರ 6ರಿಂದ 12 ಸೆಂಟಿಮೀಟರ್ ಮಾತ್ರ. ಅದು ಬೆನ್ನು ಒರಗಿಸಿ ಕೂತ ತಲೆಗೆ ಹಾಕಿದ ಲೆಕ್ಕ. ಕಡಿದಾದ ಬಾಲ್ಕನಿಯಲ್ಲಿ ಹಿಂದಿನವರು ಕೆಳಮುಖವಾಗಿ ನೋಡುತ್ತಿರುತ್ತಾರೆ. ನೀವು 30 ಸೆಂಟಿಮೀಟರ್ ಮುಂದಕ್ಕೆ ಬಾಗಿದರೆ ನಿಮ್ಮ ತಲೆ ಅವರ ನೋಟದ ಇಳಿಜಾರಿಗೆ ನೇರ ಅಡ್ಡ ಬರುತ್ತದೆ, ನರ್ತಕರು ಹೆಚ್ಚು ಹೊತ್ತು ಇರುವ ವೇದಿಕೆಯ ಮುಂಭಾಗವೇ ಅವರಿಗೆ ಇಲ್ಲವಾಗುತ್ತದೆ. ಅವರೂ ಬಾಗುತ್ತಾರೆ, ಅವರ ಹಿಂದಿನವರೂ ಬಾಗುತ್ತಾರೆ. ಬಾಗಿದವರಿಗೆ ಸಿಗುವ ಲಾಭವಾದರೂ ಏನು? 15 ಮೀಟರಿನಲ್ಲಿ 30 ಸೆಂಟಿಮೀಟರ್ ಹತ್ತಿರ. ಒರಗಿ ಕೂತರೆ ವೇದಿಕೆಯ ಮುಂದಂಚು ಕಂಬಿಗೆ ಮರೆಯಾಗುತ್ತದೆಯೇ ಎಂಬುದನ್ನು ಬುಕ್ ಮಾಡುವಾಗಲೇ ಕೌಂಟರಿನಲ್ಲಿ ಕೇಳಿಕೊಳ್ಳಿ. ಹೌದು ಎಂದರೆ ಒಂದು ಸಾಲು ಹಿಂದಕ್ಕೆ ಹೋಗಿ. ಮಕ್ಕಳಿದ್ದರೆ ಎತ್ತರದ ಮೆತ್ತೆ ಸಿಗುತ್ತದೆಯೇ ಎಂದೂ ಅದೇ ಉಸಿರಿನಲ್ಲಿ ಕೇಳಿ.