ಚೌಕ ತೂತಿನ ಜಪಾನಿ ನಾಣ್ಯ ಎಷ್ಟು ಹಳೆಯದು?

ಓದುಗರ ಪ್ರಶ್ನೆ: ವಿದೇಶಿ ನಾಣ್ಯಗಳ ಗಂಟಿನಲ್ಲಿ ಮಧ್ಯೆ ಚೌಕ ತೂತಿರುವ, ನಾಲ್ಕು ಅಕ್ಷರಗಳ ತಾಮ್ರದ ನಾಣ್ಯವೊಂದು ಸಿಕ್ಕಿತು. ಮೊಬೈಲಿನಲ್ಲಿ ಹುಡುಕಿದರೆ ‘ಕನ್‌ಎಯ್ ತ್ಸೂಹೋ, 1636’ ಎಂದು ಬರುತ್ತದೆ. ಇದು ನಿಜಕ್ಕೂ 1636ರದೇ?

ಉತ್ತರ: ಹೆಸರು ಸರಿಯಿರಬಹುದು, ಇಸವಿಯನ್ನು ಮಾತ್ರ ಹಾಗೇ ನಂಬಬೇಡಿ. ಕನ್‌ಎಯ್ ಎಂಬುದು 1624ರಿಂದ 1644ರವರೆಗಿನ ಜಪಾನಿ ಶಕೆ. ಸರ್ಕಾರಿ ಎರಕ ಶುರುವಾದದ್ದು 1636ರಲ್ಲಿ. ಆದರೆ ಶಕೆ ಮುಗಿದ ಮೇಲೂ ಅದೇ ನಾಲ್ಕು ಅಕ್ಷರ ಹೊತ್ತ ನಾಣ್ಯಗಳನ್ನು 1860ರ ದಶಕದವರೆಗೆ ಎರೆಯುತ್ತಲೇ ಇದ್ದರು. ಹಾಗಾಗಿ ನಾಣ್ಯದ ಮೇಲಿನ ಹೆಸರಿನಿಂದ ಕಾಲ ತಿಳಿಯುವುದಿಲ್ಲ.

ಮೊದಲು ನಾಣ್ಯವನ್ನು ನೇರವಾಗಿ ಹಿಡಿಯಬೇಕು. ನಾಲ್ಕರಲ್ಲಿ ಎರಡು ಅಕ್ಷರಗಳಿಗೆ ತಲೆಯ ಮೇಲೆ ಮನೆಯ ಸೂರಿನಂಥ ಗೆರೆಯಿದೆ. ಒಂದು ಸೂರು ಮೇಲ್ಗಡೆ, ಇನ್ನೊಂದು ಎಡಗಡೆ ಬಂದು, ಎರಡೂ ನೆಟ್ಟಗೆ ಕಂಡರೆ ಸರಿಯಾಗಿ ಹಿಡಿದಿದ್ದೀರಿ. ಓದುವ ಕ್ರಮ ಮೇಲೆ, ಕೆಳಗೆ, ಬಲ, ಎಡ. ಹಿಂಬದಿಯಲ್ಲಿ ತೂತಿನ ಎಡಬಲಕ್ಕೆ ಸುರುಳಿ ಸುರುಳಿಯಾದ ಲಂಬ ಬರಹವಿದ್ದರೆ ಅದು ಮಂಚು ಲಿಪಿ. ಆಗ ನಾಣ್ಯ ಚೀನಾದ ಚಿಂಗ್ ವಂಶದ್ದು, ಜಪಾನಿನದಲ್ಲ.

ಇನ್ನು ಭೂತಗನ್ನಡಿ ತೆಗೆದುಕೊಳ್ಳಿ. ನೋಡಬೇಕಾದ್ದು ಎಡಗಡೆಯ ಅಕ್ಷರದ ಬುಡದಲ್ಲಿರುವ ಎರಡು ಪುಟ್ಟ ಕಾಲುಗಳು. ಒಂದು ಕಾಲು ಉದ್ದಕ್ಕೆ ಇಳಿದು, ಇನ್ನೊಂದು ಅದರ ನಡುವಿನಿಂದ ಕವಲೊಡೆದಿದ್ದರೆ ‘ಹಳೆಯ ಕನ್‌ಎಯ್’, ಅಂದರೆ 1636ರಿಂದ 1659ರ ನಡುವಿನದು. ಎರಡೂ ಕಾಲುಗಳು ಬೇರೆ ಬೇರೆಯಾಗಿ ಹೊರಟು ಅತ್ತಿತ್ತ ಚಾಚಿದ್ದರೆ ‘ಹೊಸ ಕನ್‌ಎಯ್’, 1668ರ ನಂತರದ್ದು. ಬೆಳಕು ನೆತ್ತಿಯಿಂದ ಬಿದ್ದರೆ ಈ ಗೆರೆಗಳು ಕಾಣುವುದೇ ಇಲ್ಲ. ಟಾರ್ಚನ್ನು ಮೇಜಿನ ಮಟ್ಟಕ್ಕೆ ತಂದು ಓರೆಯಾಗಿ ಬಿಡಿ.

ಹಿಂಬದಿ ಬೋಳಾಗಿಲ್ಲದಿದ್ದರೆ ಕಾಲ ಇನ್ನೂ ಖಚಿತವಾಗುತ್ತದೆ. ತೂತಿನ ಮೇಲೆ ಒಂದು ಚುಕ್ಕೆ, ಅದರಡಿ ಅಡ್ಡಗೆರೆ, ಅದರಡಿ ಕತ್ತರಿಯಂತೆ ದಾಟುವ ಎರಡು ಗೆರೆಗಳಿದ್ದರೆ ಅದು ‘ಬುನ್’ ಅಕ್ಷರ: 1668ರಿಂದ ಎದೋ ನಗರದ (ಇಂದಿನ ಟೋಕಿಯೋ) ಕಾಮೇಯ್ದೊದಲ್ಲಿ ಎರೆದದ್ದು. (ಕ್ಯೋಟೋದ ಹೋಕೋಜಿ ದೇವಾಲಯದ ಮಹಾಬುದ್ಧನನ್ನು ಕರಗಿಸಿ ಇವನ್ನು ಮಾಡಿದರೆಂಬ ಮಾತು ಜಪಾನಿನಲ್ಲಿ ಬಹಳ ಪ್ರಚಲಿತ.) ಹಿಂಬದಿಯ ತುಂಬ ಅಲೆಗಳಿದ್ದು ಅಡ್ಡಳತೆ ಸುಮಾರು 28 ಮಿ.ಮೀ. ಇದ್ದರೆ ಅದು ನಾಲ್ಕು ಮೊನ್ (ಆಗಿನ ಜಪಾನಿ ಚಿಲ್ಲರೆ ಹಣ) ಬೆಲೆಯ ಹಿತ್ತಾಳೆ ನಾಣ್ಯ. ಅಲೆಗಳನ್ನು ತಾಳ್ಮೆಯಿಂದ ಎಣಿಸಿ: 21 ಇದ್ದರೆ 1768ರದು, 11 ಇದ್ದರೆ 1769 ಅಥವಾ ನಂತರದ್ದು. ಒಂದು ಮೊನ್ ನಾಣ್ಯ ಇದಕ್ಕಿಂತ ಚಿಕ್ಕದು. ಕೊನೆಗೆ ಅಯಸ್ಕಾಂತ ಹಿಡಿಯಿರಿ. ಅಂಟಿಕೊಂಡರೆ ಕಬ್ಬಿಣ, ಅಂದರೆ 1739ಕ್ಕಿಂತ ಹಿಂದಿನದಲ್ಲ.

ಮೊಟ್ಟೆಯಾಕಾರದ, ಸುಮಾರು 49 ಮಿ.ಮೀ. ಉದ್ದದ ನಾಣ್ಯವಾದರೆ ಅದು ನೂರು ಮೊನ್‌ನ ತೆನ್‌ಪೋ ತ್ಸೂಹೋ, 1835ರ ನಂತರದ್ದು.

ಇಷ್ಟನ್ನೂ ನೋಡಿ ಮುಗಿಸುವ ಮುನ್ನ, ದಯವಿಟ್ಟು, ದೇವರ ಪಾತ್ರೆ ಬೆಳಗುವ ಹಾಗೆ ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಹುಳಿ ಹಿತ್ತಾಳೆಯ ಮೇಲ್ಪದರದ ಸತುವನ್ನು ತಿಂದು ನಾಣ್ಯವನ್ನು ಗುಲಾಬಿಗೆಂಪಾಗಿಸುತ್ತದೆ. ತಿಕ್ಕಿದರೆ ಮೊದಲು ಸವೆಯುವುದು ನಮಗೆ ಬೇಕಾದ ಆ ಪುಟ್ಟ ಕಾಲುಗಳೇ. ಮಣ್ಣು ಮೆತ್ತಿದ್ದರೆ ಡಿಸ್ಟಿಲ್ಡ್ ನೀರಿನಲ್ಲಿ ಎರಡು ಮೂರು ದಿನ ನೆನೆಸಿ, ಬಿದಿರಿನ ಕಡ್ಡಿಯಿಂದ ಮೆಲ್ಲಗೆ ಬಿಡಿಸಿ, ಬಟ್ಟೆಯಲ್ಲಿ ಒತ್ತಿ ಒಣಗಿಸಿ.

ತೂತಿಲ್ಲದ, ಯಂತ್ರದಲ್ಲಿ ಅಚ್ಚಾದ ಯೆನ್ ಮತ್ತು ಸೆನ್ ನಾಣ್ಯಗಳ ಕಾಲ ಹೇಳುವುದು ಸುಲಭ, ಶಕೆಯ ಹೆಸರೂ ವರ್ಷವೂ ಅವುಗಳ ಮೇಲೇ ಇವೆ. ಇಸವಿ ತಿಳಿಯಲು ಆ ವರ್ಷಕ್ಕೆ, ಶಕೆ ಮೇಜಿಯಾದರೆ 1867, ತೈಶೋ ಆದರೆ 1911, ಶೋವಾ ಆದರೆ 1925 ಕೂಡಿಸಬೇಕು. ಮೇಜಿಯ ಮೊದಲ ಅಕ್ಷರದಲ್ಲಿ ಎರಡು ಕಿಟಕಿಗಳು ಅಕ್ಕಪಕ್ಕ ನಿಂತಂತಿದೆ. ತೈಶೋದ ಅಕ್ಷರಗಳು ಬಲು ಸರಳ, ಒಂದರಲ್ಲಿ ಮೂರು ಗೆರೆ, ಇನ್ನೊಂದರಲ್ಲಿ ಐದು. ಅಂಕಿಗಳಲ್ಲಿ ಒಂದು, ಎರಡು, ಮೂರಕ್ಕೆ ಅಷ್ಟೇ ಅಡ್ಡಗೆರೆ, ಹತ್ತಕ್ಕೆ ಕೂಡುವ ಚಿಹ್ನೆ. ಎಡವುವುದು ಓದುವ ದಿಕ್ಕಿನಲ್ಲಿ. ಎರಡನೆಯ ಮಹಾಯುದ್ಧಕ್ಕೆ ಮುಂಚಿನ ನಾಣ್ಯಗಳನ್ನು ಬಲದಿಂದ ಎಡಕ್ಕೆ ಓದಬೇಕು. ಮೇಜಿ 27ನ್ನು ನಮ್ಮ ಅಭ್ಯಾಸದಂತೆ ಎಡದಿಂದ ಓದಿದರೆ 72 ಆಗುತ್ತದೆ. ಮೇಜಿ ಶಕೆ 45ಕ್ಕೇ ಮುಗಿದದ್ದರಿಂದ ಅದು ಸಾಧ್ಯವೇ ಇಲ್ಲ. ಸರಿಯಾದ ಲೆಕ್ಕ 27ಕ್ಕೆ 1867 ಕೂಡಿಸಿ, 1894.

ಡ್ರ್ಯಾಗನ್ ಇರುವ ಬೆಳ್ಳಿಯ ಒಂದು ಯೆನ್ ಸಿಕ್ಕರೆ ‘416’, ‘900’ ಎಂಬ ಅಂಕಿಗಳನ್ನು ಇಸವಿ ಎಂದುಕೊಳ್ಳಬೇಡಿ. ಮೊದಲನೆಯದು ಗ್ರೇನ್ ಲೆಕ್ಕದ ತೂಕ, ಎರಡನೆಯದು ಸಾವಿರಕ್ಕೆ 900 ಪಾಲು ಬೆಳ್ಳಿ. 416 ಗ್ರೇನ್ ಅಂದರೆ 26.96 ಗ್ರಾಂ. ಈ ನಾಣ್ಯದ ನಕಲುಗಳು ವಿಪರೀತವಾಗಿವೆ, ಹಾಗಾಗಿ ಹಣ ಕೊಡುವ ಮೊದಲು ಚಿನ್ನದಂಗಡಿಯ ತಕ್ಕಡಿಯಲ್ಲಿ ತೂಗಿಸಿ. ಸವೆತಕ್ಕೆ ಕಾಲು ಗ್ರಾಂ ಬಿಡಬಹುದು. ಗೆರೆಗಳೆಲ್ಲ ಹೊಸದರಂತಿದ್ದೂ ಎರಡು ಮೂರು ಗ್ರಾಂ ಕಡಿಮೆ ಬಂದರೆ ಕೊಳ್ಳಬೇಡಿ. ದುಂಡು ಚೌಕಟ್ಟಿನೊಳಗೆ ಒಂದೇ ಅಕ್ಷರದ ಪುಟ್ಟ ಮುದ್ರೆ ಒತ್ತಿದ್ದರೆ ಅದು ‘ಗಿನ್’, ಅಂದರೆ ಬೆಳ್ಳಿ. ಜಪಾನ್ 1897ರಲ್ಲಿ ಚಿನ್ನದ ಮಾನಕ್ಕೆ (ಹಣದ ಬೆಲೆಯನ್ನು ಚಿನ್ನಕ್ಕೆ ಕಟ್ಟುವ ಪದ್ಧತಿ) ಬದಲಾದಾಗ ಹಳೆಯ ಯೆನ್‌ಗಳಿಗೆ ಒತ್ತಿದ ಗುರುತು ಅದು.