ಮಲ್ಪೆಯ ಗಾಳಿಗೆ ಕಂಪ್ಯೂಟರಿಗೆ ಯಾವ ಕೂಲರ್?

ಏಪ್ರಿಲ್‌ನಲ್ಲಿ ಉಡುಪಿ ಹತ್ತಿರದ ಕಡಲೂರು ಮಲ್ಪೆಯಿಂದ ಒಂದು ಕಂಪ್ಯೂಟರ್ ರಿಪೇರಿಗೆ ಬಂತು. ಮದುವೆ ವಿಡಿಯೊ ಎಡಿಟ್ ಮಾಡುವ ಹುಡುಗನದ್ದು. ರೆಂಡರ್ (ಎಡಿಟ್ ಆದ ವಿಡಿಯೊವನ್ನು ಕೊನೆಯ ಫೈಲ್ ಮಾಡುವ ಕೆಲಸ) ಹಾಕಿದ ಕೂಡಲೇ ಪ್ರೊಸೆಸರ್ 95 ಡಿಗ್ರಿ ಮುಟ್ಟಿ, ತಾನೇ ವೇಗ ಇಳಿಸಿಕೊಳ್ಳುತ್ತಿತ್ತು. ಪಕ್ಕದ ಗಾಜು ತೆಗೆದೆ. ಒಳಗಿದ್ದದ್ದು ಲಿಕ್ವಿಡ್ ಕೂಲರ್: ಪ್ರೊಸೆಸರ್ ಮೇಲಿನ ಬ್ಲಾಕ್‌ನಲ್ಲಿ ದ್ರವ ಬಿಸಿ ಹೀರುತ್ತದೆ, ಪಂಪ್ ಅದನ್ನು ಪೈಪಿನಲ್ಲಿ ರೇಡಿಯೇಟರಿಗೆ ದಬ್ಬುತ್ತದೆ, ಅಲ್ಲಿ ಫ್ಯಾನ್ ತಣಿಸುತ್ತದೆ. ರೇಡಿಯೇಟರಿನ ತಗಡುಗಳ ನಡುವೆ ಧೂಳು ಒದ್ದೆ ಹತ್ತಿಯ ಹಾಗೆ ಅಂಟಿತ್ತು. ಸ್ಕ್ರೂಗಳ ತಲೆಗೆ ತುಕ್ಕು. ಪ್ರೊಸೆಸರ್ ಮೇಲಿನ ಬ್ಲಾಕ್ ಕೈ ಇಡಲಾಗದಷ್ಟು ಬಿಸಿ, ರೇಡಿಯೇಟರ್ ಮಾತ್ರ ತಣ್ಣಗೆ. ಪಂಪ್ ನಿಂತಿದೆ ಅಂತ ಅಲ್ಲೇ ಗೊತ್ತಾಯಿತು.

"ಲಿಕ್ವಿಡ್ ಕೂಲರ್ ಹಾಕಿದ್ರೆ ಬಿಸಿಯೇ ಆಗುದಿಲ್ಲ ಅಂದಿದ್ರು ಸರ್" ಅಂದ.

ಈ ಮಾತು ನಮ್ಮಲ್ಲಿ ತುಂಬ ಜನ ನಂಬಿದ್ದಾರೆ. ಆದರೆ ಲಿಕ್ವಿಡ್ ಕೂಲರ್ ಫ್ರಿಜ್ ಅಲ್ಲ. ಅದೂ ಬಿಸಿಯನ್ನು ಕೊನೆಗೆ ಕೋಣೆಯ ಗಾಳಿಗೇ ಬಿಡಬೇಕು. ಎಸಿ ಇಲ್ಲದ ಕೋಣೆಯಲ್ಲಿ ಮಧ್ಯಾಹ್ನ 33 ಡಿಗ್ರಿ ಇದ್ದರೆ, ಯಾವ ಕೂಲರೂ ಪ್ರೊಸೆಸರನ್ನು ಅದಕ್ಕಿಂತ ತಣ್ಣಗೆ ಮಾಡದು. ಮಳೆಗಾಲದಲ್ಲಿ ಪೈಪ್ ಬೆವರಿ ನೀರು ತೊಟ್ಟಿಕ್ಕುತ್ತದಾ ಅಂತ ಕೇಳುವವರಿಗೂ ಇದೇ ಉತ್ತರ. ಗಾಳಿಗಿಂತ ತಣ್ಣಗಾಗದ ಪೈಪ್ ಬೆವರುವುದಿಲ್ಲ.

ಇನ್ನೊಂದು ಬಗೆ ಏರ್ ಕೂಲರ್, ಪ್ರೊಸೆಸರ್ ಮೇಲೇ ಕೂರುವ ತಗಡುಗಳು ಮತ್ತು ಫ್ಯಾನ್. ಅದರ ತಾಮ್ರದ ಕೊಳವೆಯೊಳಗೂ ಒಂಚೂರು ದ್ರವ ಇರುತ್ತದೆ, ಗೊತ್ತಾ? ಬಿಸಿಗೆ ಅದು ಆವಿಯಾಗಿ ತಗಡುಗಳ ಕಡೆ ಹೋಗುತ್ತದೆ, ಅಲ್ಲಿ ತಣಿದು ವಾಪಸ್ ಬರುತ್ತದೆ. ಪಂಪ್ ಬೇಡ, ಕರೆಂಟ್ ಬೇಡ. ಕೆಡುವುದಿದ್ದರೆ ಹೊರಗಿನ ಫ್ಯಾನ್ ಒಂದೇ. ಅದನ್ನು ಕೆಲವು ನೂರು ರೂಪಾಯಿಗೆ ಬದಲಿಸಬಹುದು. ಲಿಕ್ವಿಡ್‌ನಲ್ಲಿ ಪಂಪ್ ಹೋದರೆ ಸಾಮಾನ್ಯವಾಗಿ ಇಡೀ ಸೆಟ್ಟೇ ಹೊಸತು ಬೇಕು. ರಬ್ಬರ್ ಪೈಪಿನ ಮೂಲಕ ಒಳಗಿನ ದ್ರವವೂ ವರ್ಷಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಕಡಿಮೆಯಾಗುತ್ತದೆ.

ಹಾಗಂತ ಲಿಕ್ವಿಡ್ ಬೇಡವೇ ಬೇಡ ಅಂತಲ್ಲ. ಇಂಟೆಲ್ ಐ9-14900ಕೆಯಂಥ ಪ್ರೊಸೆಸರ್ ಪೂರ್ತಿ ದುಡಿಯುವಾಗ 253 ವಾಟ್‌ವರೆಗೆ ಎಳೆಯುತ್ತದೆ. ಅದರಲ್ಲಿ ಗಂಟೆಗಟ್ಟಲೆ ರೆಂಡರ್ ಮಾಡುವವರಿಗೆ ಮೂರು ಫ್ಯಾನಿನ 360 ಮಿಲಿಮೀಟರ್ ರೇಡಿಯೇಟರಿನ ಲಿಕ್ವಿಡ್ ಕೂಲರನ್ನೇ ಹಾಕಿಕೊಡುತ್ತೇನೆ. ರೇಡಿಯೇಟರನ್ನು ಕ್ಯಾಬಿನೆಟ್‌ನ ಮೇಲ್ಭಾಗದಲ್ಲಿ ಕೂರಿಸಿ, ಆಗ ಗಾಳಿಗುಳ್ಳೆ ಪಂಪಿನಲ್ಲಿ ನಿಲ್ಲುವುದಿಲ್ಲ.

ಆದರೆ ಮಲ್ಪೆಯ ಹುಡುಗನಲ್ಲಿ ಇದ್ದದ್ದು ರೈಜನ್ 7 7700 ಪ್ರೊಸೆಸರ್. ಅದು ಎಳೆಯುವುದು ಹೆಚ್ಚೆಂದರೆ 88 ವಾಟ್. ಅದಕ್ಕೆ ಎರಡು-ಮೂರು ಸಾವಿರದ ಒಳ್ಳೆ ಏರ್ ಕೂಲರ್ ಧಾರಾಳ ಸಾಕು. ಅದನ್ನೇ ಹಾಕಿದೆ. ಕ್ಯಾಬಿನೆಟ್‌ನ ಮುಂದಿನ ಫ್ಯಾನ್ ಗಾಳಿ ಒಳಗೆಳೆಯುವ ಹಾಗೆ, ಹಿಂದಿನದು ಹೊರಗೆ ದಬ್ಬುವ ಹಾಗೆ ತಿರುಗಿಸಿದೆ. ಮೊದಲು ಎಲ್ಲ ಫ್ಯಾನೂ ಹೊರಗೇ ದಬ್ಬುತ್ತಿದ್ದವು! ರೆಂಡರ್ ಹಾಕಿ ಒಂದು ಗಂಟೆ ಬಿಟ್ಟೆವು. 78 ಡಿಗ್ರಿ ದಾಟಲಿಲ್ಲ.

ಏರ್ ಕೂಲರ್ ತಗೊಳ್ಳುವ ಮೊದಲು ಕ್ಯಾಬಿನೆಟ್‌ನ ಅಗಲ ಅಳೆಯಿರಿ. ದೊಡ್ಡ ಕೂಲರ್‌ಗಳು 160 ಮಿಲಿಮೀಟರ್ ಆಸುಪಾಸು ಎತ್ತರ ಇರುತ್ತವೆ, ಗಾಜು ಮುಚ್ಚದೆ ವಾಪಸ್ ತಂದವರನ್ನು ನೋಡಿದ್ದೇನೆ.

ಇನ್ನೊಂದು, ಕಡಲ ಬದಿಯವರಿಗೆ. ಪಣಂಬೂರು, ಉಳ್ಳಾಲ, ಮಲ್ಪೆ ಕಡೆಯ ಉಪ್ಪುಗಾಳಿ ಯಾವ ಕೂಲರನ್ನೂ ಬಿಡುವುದಿಲ್ಲ. ಕಂಪ್ಯೂಟರನ್ನು ಕಡಲ ಕಡೆಯ ಕಿಟಕಿಯಿಂದ ದೂರ ಇಡಿ. ಎರಡು ತಿಂಗಳಿಗೊಮ್ಮೆ ಆಫ್ ಮಾಡಿ, ವಯರ್ ಕಿತ್ತು, ಒಣ ಬ್ರಷ್ ಮತ್ತು ಬ್ಲೋವರ್‌ನಲ್ಲಿ ಧೂಳು ತೆಗೆಯಿರಿ. ಬ್ಲೋವರ್ ಬಿಡುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಒತ್ತಿ ಹಿಡಿದುಕೊಳ್ಳಿ. ಸುಮ್ನೆ ಗಿರಗಿರ ತಿರುಗಲು ಬಿಟ್ಟರೆ ಬೇರಿಂಗ್ ಹಾಳಾಗುತ್ತದೆ.